ದಾಸೋಹದ ಪಂಕ್ತಿಯೂ ಸರ್ಕಾರದ ಜಾಲತಾಣವೂ

ಅನ್ನ, ಅಕ್ಷರ, ಆಶ್ರಯ ಎಂಬ ಮೂರನ್ನು ನಮ್ಮ ನಾಡಿನ ಮಠಗಳು ತ್ರಿವಿಧ ದಾಸೋಹವೆಂದು ನಡೆಸಿಕೊಂಡು ಬಂದಿವೆ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ನಮ್ಮ ಗುರುಗಳು ನಮಗೆ ಎಳೆಯ ವಯಸ್ಸಿನಲ್ಲಿಯೇ ತಿಳಿಸಿಕೊಟ್ಟಿದ್ದರು. ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭಾವ ಉಳಿದಿರುವವರೆಗೆ ಅದು ದಾನ; ಆ ಭಾವ ಅಳಿದು, ಬಂದವರೆಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು, ಒಂದೇ ಸೌಟಿನಿಂದ ಬಡಿಸಿದುದನ್ನು ಉಂಡಾಗ ಅದು ದಾಸೋಹ. ಕುಳಿತವರಲ್ಲಿ ಒಬ್ಬನನ್ನು ಮಾತ್ರ ಎಬ್ಬಿಸಿ, ‘ನೀನು ಹಿಂಬಾಗಿಲ ಬಳಿ ನಿಂತಿರು, ಯಾರಾದರೂ ತಂದುಕೊಡುತ್ತಾರೆ’ ಎಂದರೆ ಅವನ ಹೊಟ್ಟೆಯೇನೋ ತುಂಬಬಹುದು. ಆದರೆ ಪಂಕ್ತಿ ಮುರಿಯಿತು, ದಾಸೋಹ ಕೆಟ್ಟಿತು. ಸರ್ಕಾರದ ಸೇವೆಗಳೆಲ್ಲವೂ ಗಣಕಯಂತ್ರದ ಪರದೆಗೆ ಬಂದು ನಿಂತಿರುವ ಈ ಕಾಲದಲ್ಲಿ, ದಾವಣಗೆರೆ ಮತ್ತು ಹರಿಹರಗಳ ನಮ್ಮ ಅಂಗವಿಕಲ ಬಂಧುಗಳು ಆ ಪಂಕ್ತಿಯಲ್ಲಿ ಕುಳಿತಿದ್ದಾರೆಯೇ ಅಥವಾ ಹಿಂಬಾಗಿಲಿನಲ್ಲಿ ನಿಂತಿದ್ದಾರೆಯೇ ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಪರದೆಗೆ ಬಂದ ಸೇವೆಗಳಿಂದ ಜನರಿಗೆ ಉಪಕಾರವಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಒಂದು ಪಹಣಿಗಾಗಿ ತಾಲ್ಲೂಕು ಕಚೇರಿಯ ಜಗುಲಿಯ ಮೇಲೆ ಇಡೀ ದಿನ ಕಾದು ಕುಳಿತಿದ್ದ ಕಾಲವನ್ನು ನನ್ನ ವಯಸ್ಸಿನವರು ಮರೆತಿಲ್ಲ. 2001ರ ಸುಮಾರಿಗೆ ‘ಭೂಮಿ’ ಯೋಜನೆಯಿಂದ ಪಹಣಿಗಳು ಗಣಕಯಂತ್ರಕ್ಕೆ ಏರಿದವು. 2012ರ ಏಪ್ರಿಲ್ 2ರಿಂದ ‘ಸಕಾಲ’ ಬಂದು, ಇಂತಿಷ್ಟು ದಿನಗಳೊಳಗೆ ಕೆಲಸ ಆಗಲೇಬೇಕೆಂಬ ಹಕ್ಕು ನಾಗರಿಕನ ಕೈಗೆ ಬಂದಿತು. ಅನಂತರ ‘ಸೇವಾಸಿಂಧು’ವಿನ ಮೂಲಕ ಹಲವಾರು ಇಲಾಖೆಗಳ ಅರ್ಜಿಗಳು ಒಂದೇ ಕಡೆ ದೊರೆಯುವಂತಾಯಿತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ನಮ್ಮ ದಾವಣಗೆರೆಯ ಹೆಸರಿತ್ತು ಎಂಬುದು ನಾವೆಲ್ಲರೂ ಹೆಮ್ಮೆಪಟ್ಟ ಸಂಗತಿ. ಆದರೆ ಜಾಣತನವುಳ್ಳ ನಗರವೆಂದರೆ ಯಾವುದು? ತನ್ನ ಬಾಗಿಲು ಯಾರಿಗೆ ತೆರೆಯುತ್ತಿಲ್ಲ ಎಂಬುದು ಯಾವ ನಗರಕ್ಕೆ ಗೊತ್ತಿದೆಯೋ ಅದನ್ನೇ ಜಾಣ ನಗರವೆನ್ನಬೇಕು.

ಒಂದು ವಿಪರ್ಯಾಸವನ್ನು ವಾಚಕರು ಗಮನಿಸಬೇಕು. ಅಂಗವಿಕಲರಿಗೆ ಸಲ್ಲುವ ಮಾಸಾಶನವಾಗಲಿ, ವಿದ್ಯಾರ್ಥಿವೇತನವಾಗಲಿ, ಬಸ್ ಪಾಸಾಗಲಿ ದೊರೆಯಬೇಕಾದರೆ ಮೊದಲು ಅಂಗವಿಕಲತೆಯ ಪ್ರಮಾಣಪತ್ರ ಬೇಕು. 2021ರ ಜೂನ್ 1ರಿಂದ ಈ ಪ್ರಮಾಣಪತ್ರವನ್ನು ದೇಶದಾದ್ಯಂತ ಜಾಲತಾಣದ ಮೂಲಕವೇ ನೀಡಬೇಕೆಂದು ಕೇಂದ್ರ ಸರ್ಕಾರವು ವಿಧಿಸಿದೆ. ನಕಲಿ ಪ್ರಮಾಣಪತ್ರಗಳನ್ನು ತಡೆಯಲು ಇದು ಒಳ್ಳೆಯ ಕ್ರಮವೇ ಸರಿ. ಆದರೆ ಇದರ ಅರ್ಥವೇನೆಂದರೆ, ಕಣ್ಣು ಕಾಣದವನು ತನಗೆ ಕಣ್ಣು ಕಾಣದೆಂದು ಸಾಧಿಸುವುದಕ್ಕೂ ಮೊದಲು ಒಂದು ಪರದೆಯನ್ನು ದಾಟಬೇಕು. ಆ ಪರದೆಯು ಕಣ್ಣುಳ್ಳವರಿಗಾಗಿಯೇ ರಚಿತವಾಗಿದ್ದರೆ ಅವನ ಗತಿಯೇನು?

ಕೆಲವು ವರ್ಷಗಳ ಹಿಂದಿನ ಮಾತು. ಹರಿಹರದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಶಾಲೆಯಲ್ಲಿದ್ದಾಗ ಮಂದವಾಗಿದ್ದ ಅವನ ದೃಷ್ಟಿ ಪದವಿ ಮುಗಿಯುವ ವೇಳೆಗೆ ಪೂರ್ತಿಯಾಗಿ ಹೋಗಿತ್ತು. ಹಾಗೆಂದು ಅವನು ಕೈಕಟ್ಟಿ ಕುಳಿತವನಲ್ಲ. ಗಣಕಯಂತ್ರವನ್ನು ಕಿವಿಯಿಂದ ಓದುವ ವಿದ್ಯೆಯನ್ನು ಕಲಿತು, ದಿನಪತ್ರಿಕೆಯನ್ನು ನನಗಿಂತ ಮೊದಲೇ ಓದಿ ಮುಗಿಸುತ್ತಿದ್ದ. ಒಂದು ಸೌಲಭ್ಯಕ್ಕಾಗಿ ಜಾಲತಾಣದಲ್ಲಿ ಅರ್ಜಿ ಹಾಕಲು ಹೋಗಿ ಸೋತು ಬಂದಿದ್ದ. ಅವನು ಹೇಳಿದ ಮಾತು ಇದು: “ಸರ್, ಎಲ್ಲವನ್ನೂ ನಾನೇ ತುಂಬಿದೆ. ಕೊನೆಯಲ್ಲಿ ಒಂದು ಚಿತ್ರದಲ್ಲಿರುವ ಅಕ್ಷರಗಳನ್ನು ನೋಡಿ ಬರೆಯಿರಿ ಎನ್ನುತ್ತದೆ. ಅರ್ಜಿ ಹಾಕುವವನು ಮನುಷ್ಯನೋ ಯಂತ್ರವೋ ಎಂದು ತಿಳಿಯುವುದಕ್ಕೆ ಆ ಪರೀಕ್ಷೆಯಂತೆ. ಕಣ್ಣಿಲ್ಲದವನು ಮನುಷ್ಯನೇ ಅಲ್ಲವೆಂದು ಅದು ತೀರ್ಮಾನ ಮಾಡಿಬಿಟ್ಟಿತು, ಸರ್.” ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ಬಳಿಕ ಅವನು ಒಂದು ಅಂಗಡಿಗೆ ಹೋಗಿ, ಗುರುತಿಲ್ಲದ ಹುಡುಗನೊಬ್ಬನಿಗೆ ತನ್ನ ಬ್ಯಾಂಕ್ ಪುಸ್ತಕವನ್ನೂ ಮೊಬೈಲಿಗೆ ಬಂದ ಓಟಿಪಿಯನ್ನೂ ಒಪ್ಪಿಸಿ, ಅರ್ಜಿಯನ್ನು ತುಂಬಿಸಿದ. ಆ ಹುಡುಗನ ಅವಸರದಲ್ಲಿ ಖಾತೆಯ ಸಂಖ್ಯೆಯ ಒಂದು ಅಂಕಿ ತಪ್ಪಿತು. ಹಣ ಬರಲಿಲ್ಲ. ಏಕೆ ಬರಲಿಲ್ಲವೆಂದು ತಿಳಿಯುವುದಕ್ಕೂ ಆ ತಾಣದಲ್ಲಿ ಅದೇ ಚಿತ್ರದ ಪರೀಕ್ಷೆಯನ್ನು ದಾಟಬೇಕಾಗಿತ್ತು. ಹೀಗೆ ಹಲವು ತಿಂಗಳು ಕಳೆದವು. ಅದು ಯಾವ ಜಾಲತಾಣವೆಂಬುದು ಇಲ್ಲಿ ಮುಖ್ಯವಲ್ಲ. ಅಂತಹವು ಹಲವು ಇವೆ. ತಾನೇ ಓದಬಲ್ಲ, ತಾನೇ ಬರೆಯಬಲ್ಲ ಒಬ್ಬ ಪದವೀಧರನನ್ನು ನಾವು ಹೆಬ್ಬೆಟ್ಟಿನವನನ್ನಾಗಿ ಮಾಡಿದೆವು ಎಂಬುದೇ ಮುಖ್ಯ.

ಕಣ್ಣಿಲ್ಲದವರು ಪರದೆಯನ್ನು ಹೇಗೆ ಓದುತ್ತಾರೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಪರದೆಯ ಮೇಲಿರುವ ಬರಹವನ್ನು ಧ್ವನಿಯಾಗಿ ಮಾರ್ಪಡಿಸಿ ಓದಿ ಹೇಳುವ ತಂತ್ರಾಂಶಗಳಿವೆ. ಸ್ಕ್ರೀನ್ ರೀಡರ್ ಎಂದು ಅವುಗಳಿಗೆ ಹೆಸರು. ಅವುಗಳಲ್ಲಿ ಎನ್‌ವಿಡಿಎ ಎಂಬುದನ್ನು 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ತರುಣ ಆರಂಭಿಸಿದರು. ಅವರೊಡನೆ ಸೇರಿದ ಜೇಮ್ಸ್ ಟೆ ಅವರೂ ಅಂಧರೇ. ಅದನ್ನು ಅವರು ಜಗತ್ತಿಗೆ ಉಚಿತವಾಗಿ ಕೊಟ್ಟರು; ಇಂದು ಅದು ಕನ್ನಡವನ್ನೂ ಓದುತ್ತದೆ. ಕಾಯಕವೂ ದಾಸೋಹವೂ ಒಂದಾದ ಇಂತಹ ಉದಾಹರಣೆಗಳು ಹೊರನಾಡಿನಲ್ಲಿಯೂ ಉಂಟು. ನಮ್ಮ ಜೇಬಿನಲ್ಲಿರುವ ಸಾಮಾನ್ಯ ಮೊಬೈಲಿನಲ್ಲಿಯೂ ಇಂತಹ ಓದುಗ ಅಡಗಿದೆ. ಅಂಧನು ಮೌಸನ್ನು ಮುಟ್ಟುವುದಿಲ್ಲ. ಕೀಲಿಮಣೆಯ ಒಂದು ಕೀಲಿಯನ್ನು ಒತ್ತುತ್ತಾ ಒಂದೊಂದೇ ಅಂಕಣಕ್ಕೆ ಹೋಗುತ್ತಾನೆ. ‘ಹೆಸರು ಬರೆಯುವ ಜಾಗ’, ‘ಜನ್ಮದಿನಾಂಕ ಬರೆಯುವ ಜಾಗ’ ಎಂದು ಧ್ವನಿ ಹೇಳುತ್ತದೆ; ಅವನು ಬರೆಯುತ್ತಾನೆ.

ಹಾಗಾದರೆ ತೊಡಕು ಎಲ್ಲಿದೆ? ಪುಟವನ್ನು ರಚಿಸಿದವರು ಆ ಅಂಕಣಕ್ಕೆ ಒಳಗಿನಿಂದ ಹೆಸರು ಕೊಡದಿದ್ದರೆ, ಧ್ವನಿಯು ‘ಬರೆಯುವ ಜಾಗ, ಬರೆಯುವ ಜಾಗ’ ಎಂದಷ್ಟೇ ಹೇಳುತ್ತಾ ಹೋಗುತ್ತದೆ. ಗುಂಡಿಯ ಮೇಲೆ ಚಿತ್ರವಷ್ಟೇ ಇದ್ದು ಅದಕ್ಕೆ ಮಾತಿನ ವಿವರಣೆ ಇಲ್ಲದಿದ್ದರೆ, ಅದು ಅರ್ಜಿ ಸಲ್ಲಿಸುವ ಗುಂಡಿಯೋ ಅಳಿಸುವ ಗುಂಡಿಯೋ ತಿಳಿಯದು. ದಿನಾಂಕವನ್ನು ಮೌಸಿನಿಂದಲೇ ಆರಿಸಬೇಕೆಂದಿದ್ದರೆ, ಕೈ ನಡುಗುವವರೂ ಅಲ್ಲಿಯೇ ನಿಲ್ಲಬೇಕಾಗುತ್ತದೆ. ಇವೆಲ್ಲವೂ ಪುಟ ರಚಿಸುವಾಗ ಒಂದೆರಡು ಸಾಲು ಹೆಚ್ಚು ಬರೆದರೆ ಇಲ್ಲವಾಗುವ ತೊಡಕುಗಳು. ಕಚೇರಿಯ ಮುಂದೆ ಮೆಟ್ಟಿಲಿದ್ದು ಇಳಿಜಾರು ಇಲ್ಲದಿದ್ದರೆ ಅದು ಬಂದವರೆಲ್ಲರ ಕಣ್ಣಿಗೆ ಬೀಳುತ್ತದೆ. ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಜಾಲತಾಣದ ಮೆಟ್ಟಿಲು ಎಡವಿದವನಿಗೆ ಮಾತ್ರ ಗೊತ್ತು. ಆದ್ದರಿಂದಲೇ ಅದು ಇಷ್ಟು ವರ್ಷ ಹಾಗೆಯೇ ಉಳಿದಿದೆ.

ಕನ್ನಡದ ಮಟ್ಟಿಗೆ ಇನ್ನೊಂದು ವಿಶೇಷ ತೊಡಕಿದೆ. ನುಡಿ ಮೊದಲಾದ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಅವುಗಳ ಹಳೆಯ ಪದ್ಧತಿಯಲ್ಲಿ, ಗಣಕಯಂತ್ರದ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತ. ಹೊರಗೆ ಕಾಣುವುದು ಕನ್ನಡದ ವೇಷ. ಕಣ್ಣಿಗೆ ಅದು ಕನ್ನಡ. ಕಿವಿಗೆ ಅದು ಅರ್ಥವಿಲ್ಲದ ಗದ್ದಲ. ಯೂನಿಕೋಡ್ ಪದ್ಧತಿಯಲ್ಲಿ ಮಾತ್ರ ‘ಕ’ ಎಂಬುದು ಒಳಗೂ ಹೊರಗೂ ‘ಕ’ ಆಗಿಯೇ ಇರುತ್ತದೆ. ಈಚಿನ ನುಡಿಯಲ್ಲಿಯೂ ಯೂನಿಕೋಡ್ ಸೌಲಭ್ಯವಿದೆ. ಬಳಸುವ ಮನಸ್ಸು ಬೇಕು, ಅಷ್ಟೆ. ಇದಕ್ಕಿಂತ ಕೆಟ್ಟದ್ದೆಂದರೆ, ಟೈಪು ಮಾಡಿದ ಆದೇಶವನ್ನು ಕಾಗದಕ್ಕೆ ಇಳಿಸಿ, ಸಹಿ ಮೊಹರು ಹಾಕಿ, ಮತ್ತೆ ಅದರ ಛಾಯಾಚಿತ್ರ ತೆಗೆದು ಜಾಲತಾಣಕ್ಕೆ ಏರಿಸುವ ರೂಢಿ. ಓದಬಹುದಾಗಿದ್ದ ಬರಹವನ್ನು ನಾವೇ ಓದಲಾಗದ ಚಿತ್ರವಾಗಿ ಮಾಡುತ್ತೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಜಿ. ರಾಮಕೃಷ್ಣನ್ ಮತ್ತು ಅವರ ಸಂಗಡಿಗರು ಚಿತ್ರದಲ್ಲಿರುವ ಕನ್ನಡವನ್ನು ಮರಳಿ ಅಕ್ಷರವಾಗಿಸುವ ಮತ್ತು ಕನ್ನಡ ಬರಹವನ್ನು ಧ್ವನಿಯಾಗಿಸುವ ವಿಧಾನಗಳಿಗಾಗಿ ಬಹುಕಾಲ ಶ್ರಮಿಸಿದ್ದಾರೆ. ಅವರ ಶ್ರಮ ಹಳೆಯ ಗ್ರಂಥಗಳಿಗೆ ವಿನಿಯೋಗವಾಗಬೇಕೇ ಹೊರತು, ನಿನ್ನೆ ಟೈಪಾದ ಸುತ್ತೋಲೆಗಲ್ಲ.

ಅಂಗವಿಕಲತೆಯೆಂದರೆ ಅಂಧತೆಯೊಂದೇ ಅಲ್ಲ. ಕಿವಿ ಕೇಳದವರಿಗೆ, ‘ತೊಂದರೆಯಾದರೆ ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಸಹಾಯವಾಣಿಯಿಂದ ಪ್ರಯೋಜನವಿಲ್ಲ. ಅಕ್ಷರದಲ್ಲಿ ಪ್ರಶ್ನಿಸಿ ಅಕ್ಷರದಲ್ಲಿ ಉತ್ತರ ಪಡೆಯುವ ದಾರಿ ಬೇಕು. ಬಣ್ಣಗಳ ಭೇದ ತಿಳಿಯದವರಿಗೆ, ‘ಕೆಂಪು ಗುರುತಿನ ಅಂಕಣಗಳನ್ನು ತಪ್ಪದೆ ತುಂಬಿ’ ಎಂಬ ಸೂಚನೆ ನಿರರ್ಥಕ. ದಾವಣಗೆರೆಯ ಹತ್ತಿ ಗಿರಣಿಗಳ ಸದ್ದಿನಲ್ಲಿ ದುಡಿದು ಕಿವಿ ಮಂದವಾದ ಹಿರಿಯರು, ಹರಿಹರದ ಕಾರ್ಖಾನೆಗಳಲ್ಲಿ ಲೋಹದೊಡನೆ ಹೋರಾಡಿ ಬೆರಳಿನ ಗೆರೆ ಸವೆದವರು ನಮ್ಮ ನಡುವೆ ಇದ್ದಾರೆ. ಬೆರಳಚ್ಚು ಹೊಂದದೆ ಪಡಿತರಕ್ಕಾಗಿ ಮತ್ತೆ ಮತ್ತೆ ಅಲೆಯುವ ಕಷ್ಟ ಅವರಿಗೆ ಗೊತ್ತು. ಬುದ್ಧಿ ನಿಧಾನವಾಗಿರುವ ಮಗುವಿನ ತಾಯಿಗೆ, ‘ಸಕ್ಷಮ ಪ್ರಾಧಿಕಾರದಿಂದ ದೃಢೀಕೃತ ದಸ್ತಾವೇಜು’ ಎಂಬ ಕಚೇರಿ ಕನ್ನಡವೇ ಒಂದು ಗೋಡೆ. ಅದನ್ನು ತಿಳಿಯಾದ ಕನ್ನಡದಲ್ಲಿ ಬರೆದರೆ ಅವಳಿಗೆ ಮಾತ್ರವಲ್ಲ, ನನಗೂ ನಿಮಗೂ ಅನುಕೂಲವೇ. ವಯಸ್ಸಾದಂತೆ ನಮ್ಮೆಲ್ಲರ ಕಣ್ಣು, ಕಿವಿ, ಕೈಗಳು ಇದೇ ದಾರಿಯಲ್ಲಿ ನಡೆಯುವುವು ಎಂಬುದನ್ನು ಮರೆಯಬಾರದು.

ಕಾನೂನಿನ ಕೊರತೆ ನಮ್ಮಲ್ಲಿ ಇಲ್ಲ. ಜಾಲತಾಣಗಳು ಹೇಗಿರಬೇಕೆಂಬ ಅಂತರರಾಷ್ಟ್ರೀಯ ಸೂತ್ರಗಳು ಮೊದಲ ಬಾರಿ 1999ರಲ್ಲಿಯೇ ಪ್ರಕಟವಾದವು. ಈಗಿನ ಅದರ ಸಾರ ನಾಲ್ಕು ಮಾತು: ಪುಟದಲ್ಲಿರುವುದು ಯಾವುದಾದರೂ ಒಂದು ಇಂದ್ರಿಯಕ್ಕೆ ಗ್ರಾಹ್ಯವಾಗಬೇಕು, ಅದನ್ನು ನಡೆಸಲು ಬರಬೇಕು, ಅದು ಅರ್ಥವಾಗಬೇಕು, ಯಾವ ಸಾಧನದಲ್ಲಿ ತೆರೆದರೂ ಕೆಡದೆ ನಿಲ್ಲಬೇಕು. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತವು 2007ರ ಅಕ್ಟೋಬರ್ 1ರಂದು ಅಂಗೀಕರಿಸಿತು. ಸರ್ಕಾರಿ ಜಾಲತಾಣಗಳಿಗಾಗಿಯೇ 2009ರಲ್ಲಿ ಮಾರ್ಗಸೂಚಿಗಳು ಹೊರಬಂದವು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಇಪ್ಪತ್ತೊಂದು ಬಗೆಯ ಅಂಗವಿಕಲತೆಗಳನ್ನು ಗುರುತಿಸಿ, ನಿಯಮಗಳು ಹೊರಬಿದ್ದ ಎರಡು ವರ್ಷಗಳೊಳಗೆ ಸೇವೆಗಳೆಲ್ಲವೂ ಅವರಿಗೆ ಸುಗಮವಾಗಬೇಕೆಂದು ವಿಧಿಸಿತು. ನಿಯಮಗಳು 2017ರಲ್ಲಿ ಬಂದವು. ಗಡುವು 2019ರಲ್ಲಿ ಮುಗಿಯಿತು. 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು, ಈ ಮಾನದಂಡಗಳು ಬರಿಯ ಸಲಹೆಯಾಗಿ ಉಳಿಯಲಾಗದು, ಕಡ್ಡಾಯವಾಗಬೇಕು ಎಂದು ತೀರ್ಪಿತ್ತಿತು. 2025ರ ಏಪ್ರಿಲ್ 30ರಂದು ಅದೇ ನ್ಯಾಯಾಲಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಣಕ ಸೇವೆಗಳನ್ನು ತಲುಪುವ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆ ಎಂದಿತು. ಆ ಮೊಕದ್ದಮೆಯಲ್ಲಿ ಆಮ್ಲದಾಳಿಗೆ ಒಳಗಾದವರೂ ಅಂಧರೂ ನ್ಯಾಯ ಕೇಳಿದ್ದರು. ಗುರುತನ್ನು ಸಾಬೀತುಪಡಿಸಲು ಕಣ್ಣು ಮಿಟುಕಿಸಬೇಕೆಂದು ಪರದೆ ಕೇಳಿದರೆ, ಮಿಟುಕಿಸಲು ರೆಪ್ಪೆಯೇ ಇಲ್ಲದವರು ಏನು ಮಾಡಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು.

ಇದಕ್ಕೆ ಎದುರಾಗಿ ಕೇಳಿಬರುವ ಆಕ್ಷೇಪಗಳು ಮುಖ್ಯವಾಗಿ ಮೂರು. ಅಂತಹವರು ಎಷ್ಟು ಮಂದಿ ಇದ್ದಾರೆ ಎಂಬುದು ಮೊದಲನೆಯದು. 2011ರ ಜನಗಣತಿಯಂತೆ ನಮ್ಮ ರಾಜ್ಯದಲ್ಲಿ 13.24 ಲಕ್ಷ ಅಂಗವಿಕಲರಿದ್ದರು, ದೇಶದಲ್ಲಿ 2.68 ಕೋಟಿ. ಆ ಗಣತಿಯ ಬಳಿಕ ಕಾನೂನಿನ ವ್ಯಾಖ್ಯೆ ವಿಸ್ತಾರವಾಗಿದೆ. ಇಷ್ಟಾಗಿ, ಸಂಖ್ಯೆ ಒಂದೇ ಆಗಿದ್ದರೂ ಪಂಕ್ತಿಯ ನ್ಯಾಯ ಬದಲಾಗುವುದಿಲ್ಲ. ಖರ್ಚು ಹೆಚ್ಚಾಗುತ್ತದೆ ಎಂಬುದು ಎರಡನೆಯದು. ಕಟ್ಟಿ ಮುಗಿದ ಮನೆಗೆ ಬಾಗಿಲು ಒಡೆಯುವುದು ದುಬಾರಿ. ನಕ್ಷೆಯಲ್ಲಿಯೇ ಬಾಗಿಲು ಬರೆದರೆ ಹೆಚ್ಚಿನ ವೆಚ್ಚವಿಲ್ಲ. ಜಾಲತಾಣಗಳಿಗೂ ಇದೇ ಮಾತು ಅನ್ವಯಿಸುತ್ತದೆ. ‘ಸಹಾಯ ಮಾಡಲು ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳಿವೆಯಲ್ಲ, ಮನೆಯವರಿದ್ದಾರಲ್ಲ’ ಎಂಬುದು ಮೂರನೆಯದು. ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ಆ ಕೇಂದ್ರಗಳು ಬೇಕು; ಓದಲು ಬಾರದವರಿಗೆ, ಗಣಕಯಂತ್ರ ಇಲ್ಲದವರಿಗೆ ಅವೇ ಆಸರೆ. ಆದರೆ ಸಹಾಯವನ್ನು ಬಯಸಿ ಪಡೆಯುವುದು ಬೇರೆ, ಬೇರೆ ದಾರಿ ಇಲ್ಲದೆ ಪಡೆಯುವುದು ಬೇರೆ. ಬ್ಯಾಂಕಿನ ಗುಟ್ಟು, ಕಾಯಿಲೆಯ ಗುಟ್ಟು, ಮನೆಯ ಆದಾಯದ ಗುಟ್ಟು ಎಲ್ಲವನ್ನೂ ಪ್ರತಿಸಾರಿ ಇನ್ನೊಬ್ಬರ ಮುಂದೆ ಬಿಚ್ಚಿಡಬೇಕೆಂಬ ಷರತ್ತು ಕಣ್ಣುಳ್ಳ ನಮಗೆ ಇಲ್ಲ. ಅವರಿಗೆ ಮಾತ್ರ ಏಕೆ?

ಅಕ್ಷರದ ದಾರಿಯನ್ನು ಕಣ್ಣಿನಿಂದ ಬೇರೆ ಇಂದ್ರಿಯಕ್ಕೆ ತಿರುಗಿಸುವ ಕಾರ್ಯ ನಮ್ಮ ನಾಡಿಗೆ ಹೊಸತಲ್ಲ. ಮೈಸೂರಿನಲ್ಲಿ ಅಂಧರ ಮತ್ತು ಕಿವುಡರ ಶಾಲೆ 1901ರಲ್ಲಿಯೇ ಆರಂಭವಾಯಿತು. ಶಿವಯೋಗಮಂದಿರವನ್ನು 1909ರಲ್ಲಿ ಸ್ಥಾಪಿಸಿದ ಪೂಜ್ಯ ಹಾನಗಲ್ಲ ಕುಮಾರ ಸ್ವಾಮಿಗಳು ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನೊಬ್ಬನಲ್ಲಿದ್ದ ಸಂಗೀತದ ಶಕ್ತಿಯನ್ನು ಗುರುತಿಸಿ, ಅವನಿಗೆ ವಿದ್ಯೆ ಕೊಡಿಸಿದರು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾಗಿ (1892–1944) ಬೆಳಗಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಸ್ವತಃ ಅಂಧರಾಗಿದ್ದು, ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ದೊರೆತದ್ದು ಕನಿಕರವಲ್ಲ, ವಿದ್ಯೆ. ಮಠಗಳು ಗಣಕಯಂತ್ರಕ್ಕೆ ದೂರವೆಂದೂ ಯಾರೂ ಹೇಳಲಾರರು. ಸಿರಿಗೆರೆಯ ಪೂಜ್ಯ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳು ಪಾಣಿನಿಯ ವ್ಯಾಕರಣವನ್ನು ‘ಗಣಕಾಷ್ಟಾಧ್ಯಾಯೀ’ ಎಂಬ ತಂತ್ರಾಂಶವಾಗಿ ರೂಪಿಸಿದವರು. ಅಂಧರ ಆರೈಕೆ ಮತ್ತು ಗಣಕದ ಜ್ಞಾನ, ಈ ಎರಡು ಪರಂಪರೆಗಳೂ ನಮ್ಮಲ್ಲಿವೆ. ಅವು ಇನ್ನೂ ಒಂದಾಗಬೇಕಾಗಿದೆ.

ಒಂದಾಗುವುದೆಂದಾಗ ನಮ್ಮ ಹರಿಹರದ ದೇವಾಲಯ ನೆನಪಿಗೆ ಬರುತ್ತದೆ. 1224ರ ಸುಮಾರಿನಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ತುಂಗಭದ್ರೆಯ ದಡದಲ್ಲಿ ಕಟ್ಟಿಸಿದ ಆ ಗುಡಿಯಲ್ಲಿ ವಿಗ್ರಹ ಒಂದೇ. ಹರಿಭಕ್ತನಿಗೆ ಅದು ಹರಿ, ಹರಭಕ್ತನಿಗೆ ಹರ. ಇಬ್ಬರಿಗೂ ಎರಡು ಗುಡಿ ಕಟ್ಟಲಿಲ್ಲ. ಅಂಗವಿಕಲರಿಗಾಗಿ ಬೇರೊಂದು ಸಣ್ಣ ಜಾಲತಾಣವನ್ನು ಮಾಡಿ ಕೊಡುತ್ತೇವೆ ಎನ್ನುವವರಿಗೆ ನಾನು ಇದನ್ನೇ ಹೇಳುವೆನು. ಬೇರೆಯದು ಎಂದಿಗೂ ಹಿಂದುಳಿಯುತ್ತದೆ. ಕೆಲವೇ ದಿನಗಳಲ್ಲಿ ಅದರ ಮಾಹಿತಿ ಹಳತಾಗುತ್ತದೆ. ನೋಡುವವನಿಗೂ ಕೇಳುವವನಿಗೂ ಒಂದೇ ಪುಟ ಸಾಲಬೇಕು, ಸಾಲುವಂತೆ ರಚಿಸಲು ಬರುತ್ತದೆ.

ಇನ್ನು ನಾವು ಮಾಡಬಹುದಾದುದೇನು? ಸರ್ಕಾರವನ್ನು ದೂರುತ್ತಾ ಕುಳಿತರೆ ಪ್ರಯೋಜನವಿಲ್ಲ. ಈ ಸಂಚಿಕೆಯನ್ನು ಓದುತ್ತಿರುವವರ ಕೈಯಲ್ಲಿಯೇ ಬಹಳಷ್ಟು ಇದೆ. 1951ರಲ್ಲಿ ಆರಂಭವಾದ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1979ರಲ್ಲಿ ಆರಂಭವಾದ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಮೊದಲಾದವುಗಳಲ್ಲಿ ಓದಿ, ಗಣಕ ತಂತ್ರಾಂಶದ ವೃತ್ತಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಅನೇಕರು. ಅವರಲ್ಲಿ ನನ್ನ ವಿನಂತಿ ಇಷ್ಟೇ: ನೀವು ಮಾಡಿದ ಪುಟವನ್ನು ಒಪ್ಪಿಸುವ ಮುನ್ನ ಮೌಸನ್ನು ಬದಿಗಿಟ್ಟು ಕೀಲಿಮಣೆಯೊಂದರಿಂದಲೇ ಆದಿಯಿಂದ ಅಂತ್ಯದವರೆಗೆ ನಡೆಸಿ ನೋಡಿ, ಆಮೇಲೆ ಮೊಬೈಲಿನ ಓದುಗನನ್ನು ಚಾಲನೆ ಮಾಡಿ, ಕಣ್ಣು ಮುಚ್ಚಿ ಒಂದು ಅರ್ಜಿ ತುಂಬಿ ನೋಡಿ. ನೂರು ಉಪನ್ಯಾಸ ಕಲಿಸದುದನ್ನು ಆ ಅರ್ಧ ಗಂಟೆ ಕಲಿಸುತ್ತದೆ.

ಅಧಿಕಾರದಲ್ಲಿರುವ ಹಳೆಯ ವಿದ್ಯಾರ್ಥಿಗಳು ಜಾಲತಾಣ ರಚನೆಯ ಟೆಂಡರಿನಲ್ಲಿಯೇ ಒಂದು ಷರತ್ತು ಹಾಕಬಹುದು: ಅಂಗವಿಕಲರು ಸ್ವತಃ ಬಳಸಿ ಸರಿಯೆಂದ ಬಳಿಕವೇ ಅಂತಿಮ ಹಣ ಪಾವತಿ. ಹಾಗೆ ಬಳಸಿ ನೋಡುವವರು ದೂರದಲ್ಲಿಲ್ಲ. ಅಂಗವಿಕಲರ ತರಬೇತಿ ಮತ್ತು ಪುನರ್ವಸತಿಗಾಗಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವು ನಮ್ಮ ದಾವಣಗೆರೆಯಲ್ಲಿಯೇ ಇದೆ. ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ಅಂಗವಿಕಲರೇ ಆದ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯಾವ ಅರ್ಜಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಅವರಷ್ಟು ಇನ್ನಾರಿಗೂ ತಿಳಿಯದು. ಅವರನ್ನು ಕರೆಯಿರಿ, ಕೇಳಿರಿ, ಅವರ ಶ್ರಮಕ್ಕೆ ಸಂಭಾವನೆ ಕೊಡಿರಿ. ಕಾಯಕಕ್ಕೆ ಬೆಲೆ ಕೊಡುವುದು ನಮ್ಮ ಧರ್ಮದ ಮೊದಲ ಪಾಠ.

ಶಿಕ್ಷಕ ಬಂಧುಗಳು ಮಕ್ಕಳಿಗೆ ಗಣಕಯಂತ್ರ ಕಲಿಸುವಾಗ ಯೂನಿಕೋಡ್ ಕನ್ನಡವನ್ನೇ ಕಲಿಸಲಿ. ಚಿತ್ರ ಹಾಕಿದಾಗ ಅದರ ಕೆಳಗೆ ಅದೇನೆಂದು ಎರಡು ಮಾತು ಬರೆಯುವ ಅಭ್ಯಾಸವನ್ನು ಮಾಡಿಸಲಿ. ದಾನಿಗಳು ಶಾಲೆಗೆ ಗಣಕಯಂತ್ರಗಳನ್ನು ಕೊಡಿಸುವಾಗ, ಅವುಗಳಲ್ಲಿ ಉಚಿತವಾಗಿ ದೊರೆಯುವ ಓದುಗ ತಂತ್ರಾಂಶವನ್ನೂ ಹಾಕಿಸಿಕೊಡಬೇಕೆಂದು ಕೇಳಲಿ. ಅದಕ್ಕೆ ಬಿಡಿಗಾಸೂ ಹೆಚ್ಚಾಗದು.

ಕೊನೆಯದಾಗಿ, ನಮ್ಮ ಮನೆಯನ್ನೇ ಮೊದಲು ನೋಡಿಕೊಳ್ಳೋಣ. ಈ ಸ್ಮರಣ ಸಂಚಿಕೆಯು ಅಚ್ಚಾದ ಬಳಿಕ ಶಾಲೆಯ ಜಾಲತಾಣಕ್ಕೂ ಏರುವುದೆಂದು ಕೇಳಿದ್ದೇನೆ. ಪುಟಗಳ ಛಾಯಾಚಿತ್ರ ತೆಗೆದು ಏರಿಸಿದರೆ ಅದು ಅಂದವಾಗಿ ಕಾಣುತ್ತದೆ. ಆದರೆ ಹರಿಹರದ ನನ್ನ ಆ ವಿದ್ಯಾರ್ಥಿಗೆ, ತನ್ನ ಕುರಿತಾಗಿಯೇ ಬರೆದ ಈ ಮಾತುಗಳೂ ಮೂಕವಾಗಿರುತ್ತವೆ. ಸಂಪಾದಕ ಮಂಡಳಿಯವರು ಇದನ್ನು ಓದಬಲ್ಲ ಅಕ್ಷರವಾಗಿಯೇ ಏರಿಸಬೇಕೆಂದು ಕೈಮುಗಿದು ಪ್ರಾರ್ಥಿಸುತ್ತೇನೆ. ಹಾಗೆಯೇ ಶಾಲೆಯ ಪ್ರವೇಶದ ಅರ್ಜಿ, ಫಲಿತಾಂಶ, ವಿದ್ಯಾರ್ಥಿನಿಲಯದ ಪ್ರಕಟಣೆಗಳೂ ಆಗಲಿ. ನಮ್ಮ ಪಂಕ್ತಿ ಸರಿಯಾದ ಮೇಲೆ ಸರ್ಕಾರದ ಪಂಕ್ತಿಯ ಕುರಿತು ಮಾತನಾಡುವ ಅಧಿಕಾರ ನಮಗೆ ಬರುತ್ತದೆ. ಅಕ್ಷರ ದಾಸೋಹವೆಂಬ ಹೆಸರನ್ನು ಹೊತ್ತ ಸಂಸ್ಥೆಯಲ್ಲಿ ಅಕ್ಷರವು ಕಣ್ಣುಳ್ಳವರ ಸೊತ್ತು ಮಾತ್ರ ಆಗದಿರಲಿ.